ಕಿರುತೆರೆಯ ಮನೆ, ಕಾಣದ ಲೆಕ್ಕ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಎರಡೂ ಹಾಕಿಕೊಂಡ ಅಂದಾಜಿನೊಳಗೆ ಮುಗಿಯುವ ಕೆಲಸಗಳಲ್ಲ ಎಂಬುದು ಆ ಮಾತಿನ ಸಾರ. ಹಳೆಯ ಮನೆ ರಿಪೇರಿ ಮಾಡಿಸಿದವರಿಗಂತೂ ಇದು ಇನ್ನೂ ಚೆನ್ನಾಗಿ ಗೊತ್ತು. ಬಚ್ಚಲಿನ ಒಂದು ಪೈಪು ಬದಲಿಸಲು ಗೋಡೆ ಒಡೆದರೆ ಒಳಗೆಲ್ಲ ತೇವ. ತೇವಕ್ಕೆಂದು ಗಾರೆ ಕಿತ್ತರೆ ಒಳಗಿನ ವೈರು ಸುಟ್ಟು ಕರಕಲು. ಮೇಸ್ತ್ರಿ ಹೇಳಿದ ವಾರ ತಿಂಗಳಾಗುತ್ತದೆ, ಸಾವಿರಗಳ ಮಾತು ಲಕ್ಷಕ್ಕೆ ಏರುತ್ತದೆ.

ಕಿರುತೆರೆಯಲ್ಲಿ ಮಾತ್ರ ಹೀಗಾಗುವುದಿಲ್ಲ. ಅಮೆರಿಕ ಮತ್ತು ಬ್ರಿಟನ್ನಿನ ಮನೆ ನವೀಕರಣದ ಕಾರ್ಯಕ್ರಮಗಳಲ್ಲಿ ಒಂದು ಗಂಟೆಯೊಳಗೆ ಪಾಳುಬಿದ್ದ ಮನೆ ಅರಮನೆಯಾಗುತ್ತದೆ. ಕೊನೆಗೆ ಪರದೆಯ ಮೇಲೆ ಒಂದು ಮೊತ್ತ ಮೂಡುತ್ತದೆ. ನೋಡುವವರಿಗೆ, 'ಇಷ್ಟೇನಾ? ನಾವೂ ಮಾಡಿಸಬಹುದಲ್ಲ' ಎನ್ನಿಸುತ್ತದೆ. ಆ ಮೊತ್ತ ನಿಜವೇ? ಉತ್ತರ ಬೇಕಾದರೆ ಇಂಥ ಕಾರ್ಯಕ್ರಮಗಳು ಹುಟ್ಟಿ ಬೆಳೆದ ಕಥೆಯನ್ನು ನೋಡಬೇಕು.

ಬಾಸ್ಟನ್ನಿನ ಹಳೆಯ ಮನೆ

ಕಥೆ ಆರಂಭವಾಗುವುದು 1979ರಲ್ಲಿ, ಅಮೆರಿಕದ ಬಾಸ್ಟನ್ ನಗರದಲ್ಲಿ. ಅಲ್ಲಿನ ಸಾರ್ವಜನಿಕ ದೂರದರ್ಶನ ಕೇಂದ್ರವಾದ ಡಬ್ಲ್ಯುಜಿಬಿಎಚ್ 'ದಿಸ್ ಓಲ್ಡ್ ಹೌಸ್' ಎಂಬ ಸರಣಿಯನ್ನು ಪ್ರಸಾರ ಮಾಡಿತು. ಇದರ ರೂವಾರಿ ನಿರ್ಮಾಪಕ ರಸೆಲ್ ಮೊರಾಶ್. ತಮ್ಮದೇ ಹಳೆಯ ಮನೆಯನ್ನು ದುರಸ್ತಿ ಮಾಡಿದ ಅನುಭವ ಅವರಿಗಿತ್ತು. ಕೇಂದ್ರವೇ ಡಾರ್ಚೆಸ್ಟರ್ ಬಡಾವಣೆಯಲ್ಲಿ 19ನೇ ಶತಮಾನದ ಒಂದು ಶಿಥಿಲ ಮನೆಯನ್ನು ಕೊಂಡು, ಅದರ ದುರಸ್ತಿಯನ್ನು ಕಂತು ಕಂತಾಗಿ ತೋರಿಸಿತು. ಬಾಬ್ ವಿಲಾ ನಿರೂಪಕ, ನಾರ್ಮ್ ಏಬ್ರಂ ಬಡಗಿ. ಏಬ್ರಂ ಈ ಕೆಲಸಕ್ಕೆ ಆಯ್ಕೆಯಾದದ್ದರ ಹಿಂದೆ ಒಂದು ಸ್ವಾರಸ್ಯವಿದೆ. ಹಿಂದೆ ಮೊರಾಶ್ ಅವರಿಗೆ ಮರಗೆಲಸ ಮಾಡಿಕೊಟ್ಟಾಗ, ಅವರು ಉಳಿಸಿದ ಚಕ್ಕೆ-ಚೂರುಗಳ ರಾಶಿ ತೀರಾ ಚಿಕ್ಕದಿತ್ತಂತೆ. ಮರ ಪೋಲು ಮಾಡದ ಈ ಬಡಗಿ ಮೊರಾಶ್ ಅವರ ಮನಸ್ಸಿಗೆ ಹಿಡಿಸಿದರು.

ಈ ಸರಣಿಗೆ ಅವಸರವಿರಲಿಲ್ಲ. ಒಂದೇ ಮನೆಯ ಕೆಲಸ ಹಲವು ವಾರ ನಡೆಯುತ್ತಿತ್ತು. ಕೊಳೆತ ತೊಲೆ, ಸೋರುವ ಛಾವಣಿ, ಹಳೆಯ ಬಾಯ್ಲರು ಎಲ್ಲವೂ ಕ್ಯಾಮೆರಾದ ಮುಂದೆ ಬರುತ್ತಿದ್ದವು. ಮುಂದೆ ಮಾಲೀಕರೇ ತಮ್ಮ ಮನೆಗಳ ಖರ್ಚು ಭರಿಸುವ ಪದ್ಧತಿ ಬಂತು. ಜೊತೆಗೆ ಸಾಮಗ್ರಿ ತಯಾರಕರ ಕೊಡುಗೆಗಳೂ ಬಂದವು. ಪುಕ್ಕಟೆಯಾಗಿಯೋ ರಿಯಾಯಿತಿ ದರದಲ್ಲೋ ಬಂದ ಕಿಟಕಿಗೆ ನೋಡುಗನು ಪೂರ್ತಿ ಬೆಲೆ ತೆರಬೇಕಲ್ಲವೇ? ಪರದೆಯ ಲೆಕ್ಕಕ್ಕೂ ಪೇಟೆಯ ಲೆಕ್ಕಕ್ಕೂ ನಡುವೆ ಬಿರುಕು ಕಾಣಿಸಿದ್ದು ಇಲ್ಲಿಯೇ. ಜಾಹೀರಾತಿನ ಹಣ ಎಷ್ಟು ಪ್ರಬಲವಾಗಿತ್ತೆಂದರೆ, ಪ್ರಾಯೋಜಕರ ಪ್ರತಿಸ್ಪರ್ಧಿ ಮಳಿಗೆಯೊಂದರ ಜಾಹೀರಾತಿನಲ್ಲಿ ಕಾಣಿಸಿಕೊಂಡ ವಿವಾದದಿಂದಾಗಿ 1989ರಲ್ಲಿ ಬಾಬ್ ವಿಲಾ ಅವರೇ ಕಾರ್ಯಕ್ರಮದಿಂದ ಹೊರಬೀಳಬೇಕಾಯಿತು.

ಐನೂರು ಪೌಂಡಿನ ಆಟ

1996ರಲ್ಲಿ ಬಿಬಿಸಿ ಇಡೀ ವಿಷಯವನ್ನೇ ಒಂದು ಆಟವಾಗಿ ಬದಲಿಸಿತು. ಆ ಆಟದ ಹೆಸರು 'ಚೇಂಜಿಂಗ್ ರೂಮ್ಸ್'. ನೆರೆಹೊರೆಯ ಇಬ್ಬರು ದಂಪತಿಗಳು ಬೀಗದ ಕೈ ಬದಲಿಸಿಕೊಂಡು ಪರಸ್ಪರರ ಮನೆಯ ಒಂದು ಕೋಣೆಯನ್ನು ಅಲಂಕರಿಸಬೇಕು. ಕೊಟ್ಟ ಕಾಲ ಎರಡು ದಿನ, ಹಣ 500 ಪೌಂಡು. ಇದರದೇ ಅಮೆರಿಕನ್ ರೂಪ 'ಟ್ರೇಡಿಂಗ್ ಸ್ಪೇಸಸ್' 2000ದಲ್ಲಿ ಆರಂಭವಾಯಿತು. ಅಲ್ಲಿ ಒಂದು ಕೋಣೆಗೆ ಸಾವಿರ ಡಾಲರ್.

ಈ ಮೊತ್ತಗಳಲ್ಲಿ ವಿನ್ಯಾಸಕಾರರ ಶುಲ್ಕವಿರಲಿಲ್ಲ, ಕಾರ್ಯಕ್ರಮದ ಬಡಗಿಯ ಕೂಲಿಯೂ ಇರಲಿಲ್ಲ. ಬಣ್ಣ ಬಳಿಯುವ ನೆರೆಮನೆಯವರಿಗೆ ಸಂಬಳದ ಪ್ರಶ್ನೆಯೇ ಇಲ್ಲ. ಎಂದರೆ ಐನೂರು ಪೌಂಡು ಕೋಣೆಯ ವೆಚ್ಚವಲ್ಲ, ಆಟದ ನಿಯಮ. ಕಬಡ್ಡಿಯಲ್ಲಿ ಉಸಿರು ಬಿಗಿಹಿಡಿಯಬೇಕೆಂಬ ನಿಯಮವಿದ್ದಂತೆ ಇದೂ ಒಂದು. ಆದರೆ ನೋಡುಗರ ಮನಸ್ಸಿನಲ್ಲಿ ಉಳಿದದ್ದು ನಿಯಮವಲ್ಲ, ಬೆಲೆ.

ಅವಸರಕ್ಕೂ ಒಂದು ಬೆಲೆಯಿರುತ್ತದೆ. 'ಚೇಂಜಿಂಗ್ ರೂಮ್ಸ್'ನ ಒಂದು ಕಂತಿನಲ್ಲಿ, ಮನೆಯೊಡತಿ ಸಂಗ್ರಹಿಸಿಟ್ಟಿದ್ದ ಪ್ರಾಚೀನ ಟೀ ಪಾತ್ರೆಗಳನ್ನು ಹೊಸದಾಗಿ ತೂಗುಹಾಕಿದ ಹಲಗೆಗಳ ಮೇಲೆ ಜೋಡಿಸಲಾಯಿತು. ಹಲಗೆಗಳು ಕುಸಿದು ಸುಮಾರು 6,000 ಪೌಂಡ್ ಬೆಲೆಯ ಪಾತ್ರೆಗಳು ಚೂರಾದವು. ಐನೂರು ಪೌಂಡಿನ ಕೋಣೆಯಲ್ಲಿ ಆದ ನಷ್ಟ ಅದರ ಹನ್ನೆರಡು ಪಟ್ಟು!

ಪುಕ್ಕಟೆ ಮನೆಯ ಬೆಲೆ

ಆಟ ಮುಂದೆ ದಾನವಾಯಿತು. 2003ರಲ್ಲಿ ಅಮೆರಿಕದ ಎಬಿಸಿ ವಾಹಿನಿ 'ಎಕ್ಸ್‌ಟ್ರೀಮ್ ಮೇಕೋವರ್: ಹೋಮ್ ಎಡಿಷನ್' ಆರಂಭಿಸಿತು. ಕಷ್ಟದಲ್ಲಿರುವ ಒಂದು ಕುಟುಂಬವನ್ನು ಆರಿಸಿ ಪ್ರವಾಸಕ್ಕೆ ಕಳಿಸುವುದು, ಅವರು ಮರಳುವಷ್ಟರಲ್ಲಿ ಏಳೇ ದಿನಗಳಲ್ಲಿ ಮನೆಯನ್ನು ಹೊಸದಾಗಿ ಕಟ್ಟಿ ನಿಲ್ಲಿಸುವುದು ಇದರ ಕ್ರಮ. ಸ್ಥಳೀಯ ಕಟ್ಟಡ ಸಂಸ್ಥೆಗಳು, ನೂರಾರು ಸ್ವಯಂಸೇವಕರು ಹಗಲಿರುಳೆನ್ನದೆ ದುಡಿಯುತ್ತಿದ್ದರು. ಮನೆಯನ್ನು ಮರೆಮಾಡಿದ್ದ ಬಸ್ಸು ಸರಿದಾಗ ಮನೆಯವರ ಜೊತೆ ನೋಡುಗರೂ ಕಣ್ಣೊರೆಸಿಕೊಳ್ಳುತ್ತಿದ್ದರು.

ಮನೆ ಪುಕ್ಕಟೆ ನಿಜ, ತೆರಿಗೆ ಪುಕ್ಕಟೆಯಲ್ಲ. ಆದಾಯ ತೆರಿಗೆಯಿಂದ ಪಾರಾಗಲು ನಿರ್ಮಾಪಕರು ಒಂದು ದಾರಿ ಹುಡುಕಿದ್ದರು. ವರ್ಷಕ್ಕೆ 15 ದಿನಕ್ಕಿಂತ ಕಡಿಮೆ ಅವಧಿಗೆ ಮನೆ ಬಾಡಿಗೆಗೆ ಕೊಟ್ಟರೆ ಆ ಬಾಡಿಗೆಗೆ ಅಮೆರಿಕದ ಕಾನೂನಿನಲ್ಲಿ ಆದಾಯ ತೆರಿಗೆಯಿಲ್ಲ. ಕುಟುಂಬವು ಮನೆಯನ್ನು ಚಿತ್ರೀಕರಣಕ್ಕೆ ಬಾಡಿಗೆಗೆ ಕೊಟ್ಟಿತೆಂದೂ ನವೀಕರಣವೇ ಆ ಬಾಡಿಗೆಯೆಂದೂ ಲೆಕ್ಕ ತೋರಿಸಲಾಗುತ್ತಿತ್ತು. ಆದರೆ ಆಸ್ತಿ ತೆರಿಗೆಗೆ ಇಂಥ ಉಪಾಯವಿರಲಿಲ್ಲ. ಮನೆ ಹಿಗ್ಗಿದಂತೆ ಅದರ ಮೌಲ್ಯ ಹೆಚ್ಚಿತು, ಮೌಲ್ಯ ಹೆಚ್ಚಿದಂತೆ ತೆರಿಗೆ ಏರಿತು. ದೊಡ್ಡ ಮನೆಯ ವಿದ್ಯುತ್ ಬಿಲ್ಲೂ ದೊಡ್ಡದೇ. ಈ ಭಾರ ತಾಳಲಾರದೆ ಕೆಲವು ಕುಟುಂಬಗಳು ಮನೆಯನ್ನೇ ಮಾರಿದವು.

ಅಟ್ಲಾಂಟ ನಗರದ ಸಮೀಪ 2005ರಲ್ಲಿ ಹೀಗೆ ಮನೆ ಪಡೆದ ಒಂದು ಕುಟುಂಬ, ಅದನ್ನು ಅಡವಿಟ್ಟು ವ್ಯಾಪಾರಕ್ಕೆಂದು 4,50,000 ಡಾಲರ್ ಸಾಲ ತೆಗೆಯಿತು. ವ್ಯಾಪಾರ ಕೈಹಿಡಿಯಲಿಲ್ಲ. 2008ರಲ್ಲಿ ಆ ಮನೆ ಸಾಲದ ಜಪ್ತಿಯ ಹಂತಕ್ಕೆ ಬಂತು. ಆ ಕುಟುಂಬವನ್ನು ದೂರುವುದು ಸುಲಭ. ಆದರೆ ಆದಾಯ ಇದ್ದಲ್ಲೇ ಇದ್ದು ಮನೆ ಮಾತ್ರ ಬೆಳೆದರೆ, ಆ ಮನೆ ಆಸರೆಯಾಗುವ ಬದಲು ಹೊರೆಯೂ ಆಗಬಹುದು ಎಂಬ ಪಾಠ ಇದರಲ್ಲಿದೆ.

ಕಾಣದ ಬಾಬ್ತುಗಳು

2013ರಲ್ಲಿ ಬಂದ, ಟೆಕ್ಸಾಸಿನ ವೇಕೋ ಪಟ್ಟಣದ 'ಫಿಕ್ಸರ್ ಅಪ್ಪರ್' ಮಾದರಿಯ ಕಾರ್ಯಕ್ರಮಗಳಲ್ಲಿ ಖರ್ಚು ಮಾಲೀಕರದೇ. ಹಾಗಾಗಿ ಲೆಕ್ಕ ಹೆಚ್ಚು ನೈಜವಾಗಿ ಕಾಣುತ್ತದೆ. ಆದರೂ ಕೊನೆಯ ದೃಶ್ಯದಲ್ಲಿ ಮನ ಸೆಳೆಯುವ ಸೋಫಾ, ಮೇಜು, ದೀಪಗಳೆಲ್ಲ ಆ ಮೊತ್ತದಲ್ಲಿ ಸೇರಿರಬೇಕೆಂದೇನೂ ಇಲ್ಲ. ಬೇಕಾದರೆ ಬೇರೆ ಹಣ ಕೊಟ್ಟು ಕೊಳ್ಳಬೇಕು. ಇಲ್ಲವಾದರೆ ಕ್ಯಾಮೆರಾದ ಜೊತೆಗೆ ಅವೂ ಹೊರಟುಹೋಗುತ್ತವೆ.

ಪರವಾನಗಿ ಶುಲ್ಕ, ಕೆಲಸ ಮುಗಿಯುವವರೆಗೆ ಬೇರೆಡೆ ಇರಲು ತೆರುವ ಬಾಡಿಗೆ, ಸಾಲದ ಬಡ್ಡಿ ಇವು ಪರದೆಗೆ ಬರುವುದೇ ಅಪರೂಪ. ಅಮೆರಿಕದಲ್ಲಿ ಮನೆಗಳಿಗೆ ಸೀಸದ ಬಣ್ಣ ಬಳಿಯುವುದು 1978ರಲ್ಲಿ ನಿಷೇಧವಾಯಿತು. ಅದಕ್ಕೂ ಹಿಂದಿನ ಮನೆಗಳ ಬಣ್ಣ ಕೆದಕುವ ಕೆಲಸವನ್ನು ಗುತ್ತಿಗೆದಾರರು ತರಬೇತಿ ಪಡೆದೇ ಮಾಡಬೇಕೆಂಬ ನಿಯಮ 2010ರಿಂದ ಜಾರಿಯಲ್ಲಿದೆ. ಸುತ್ತಿಗೆ ಎತ್ತಿ ಗೋಡೆ ಕೆಡವುವ ದೃಶ್ಯ ನೋಡಲು ಚೆನ್ನ, ಅದಕ್ಕೆ ಮೊದಲು ಆಗಬೇಕಾದ ಈ ಕೆಲಸಕ್ಕೂ ಹಣ ಬೇಕು. ನಮ್ಮಲ್ಲಿ ಮನೆ ರಿಪೇರಿಯೆಂದರೆ ಸಿಮೆಂಟು, ಟೈಲ್ಸುಗಳ ಬೆಲೆಯ ಮಾತು ಮೊದಲು. ಅಲ್ಲಿ ಕೂಲಿಯ ಮಾತು ಮೊದಲು. ಆ ಕೂಲಿಯನ್ನೇ ಬಿಟ್ಟು ಹಾಕಿದ ಲೆಕ್ಕ ಎಷ್ಟು ದೂರ ಬಂದೀತು?

ಹಾಗಾದರೆ ನಿಜವಾದ ಖರ್ಚೆಷ್ಟು? 1988ರಿಂದ ಅಮೆರಿಕದಲ್ಲಿ ನವೀಕರಣದ ವೆಚ್ಚ ಮತ್ತು ಮರುಮೌಲ್ಯದ ವರದಿಯೊಂದು ಪ್ರಕಟವಾಗುತ್ತ ಬಂದಿದೆ. 2023ರ ವರದಿಯ ಪ್ರಕಾರ ಅಡುಗೆಮನೆಯ ಸಣ್ಣ ಪ್ರಮಾಣದ ನವೀಕರಣಕ್ಕೆ ಸುಮಾರು 27,000 ಡಾಲರ್. ಮನೆ ಮಾರುವಾಗ ಇದರಲ್ಲಿ ಶೇ. 86ರಷ್ಟು ಮರಳಿ ಸಿಗುತ್ತದೆ. ಐಷಾರಾಮಿ ಅಡುಗೆಮನೆಗೆ ಸುಮಾರು 1,54,000 ಡಾಲರ್, ಮರಳುವುದು ಶೇ. 32ರಷ್ಟು ಮಾತ್ರ. ಕಿರುತೆರೆ ಹೆಚ್ಚಾಗಿ ಆಸೆ ಹುಟ್ಟಿಸುವುದು ಇಂಥ ಐಷಾರಾಮಿ ಅಡುಗೆಮನೆಯ ಮೇಲೆಯೇ ಎಂಬುದನ್ನು ಗಮನಿಸಬೇಕು.

ಈ ಕಾರ್ಯಕ್ರಮಗಳು ಸುಳ್ಳು ಹೇಳುತ್ತವೆ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸರಿಯಲ್ಲ. ಅವು ಹೇಳುವ ಮೊತ್ತ ಅನೇಕ ಬಾರಿ ನಿಜವೇ, ಆದರೆ ಪೂರ್ತಿಯಲ್ಲ. ಕೂಲಿ ಒಂದು ಕಡೆ ಬಿಟ್ಟುಹೋಗಿರುತ್ತದೆ, ಪ್ರಾಯೋಜಕರ ಕೊಡುಗೆ ಇನ್ನೊಂದು ಕಡೆ ಸೇರಿಕೊಂಡಿರುತ್ತದೆ, ನಾಳೆಯ ತೆರಿಗೆ ಎಲ್ಲೂ ಇರುವುದಿಲ್ಲ. ಒಂದು ಸ್ವಾರಸ್ಯವೆಂದರೆ, ಗೋಡೆ ಒಡೆದಾಗ ಕೊಳೆತ ತೊಲೆ ಕಂಡು ಮನೆಯವರು ತಲೆಯ ಮೇಲೆ ಕೈಹೊತ್ತು ಕೂರುವ ದೃಶ್ಯವನ್ನು ನಾವು ನಾಟಕವೆಂದು ನಗುತ್ತೇವೆ. ಇಡೀ ಕಾರ್ಯಕ್ರಮದಲ್ಲಿ ನಿಜಕ್ಕೆ ಅತಿ ಹತ್ತಿರವಾದದ್ದು ಅದೇ.

ಕಿರುತೆರೆಯಿಂದ ಬಣ್ಣದ ಆಯ್ಕೆ ಕಲಿಯಬಹುದು, ಕಿಟಕಿ ಎಲ್ಲಿಡಬೇಕೆಂದು ಕಲಿಯಬಹುದು. ಲೆಕ್ಕವನ್ನು ಮಾತ್ರ ಊರಿನ ಮೇಸ್ತ್ರಿಯನ್ನು ಎದುರಿಗೆ ಕೂರಿಸಿಕೊಂಡೇ ಬರೆಯಬೇಕು. ಬರೆದ ಮೇಲೂ ಕೈಯಲ್ಲಿ ಸ್ವಲ್ಪ ಹಣ ಉಳಿಸಿಕೊಂಡಿರಬೇಕು. ಮನೆ ಕಟ್ಟಿ ನೋಡು ಎಂದ ಹಿರಿಯರು ಕಟ್ಟಬೇಡ ಎಂದು ಹೇಳಲಿಲ್ಲವಲ್ಲ!