ಕ್ರೈಸ್ತ ಸೇವೆಯಲ್ಲಿ ದೀನತೆ ಮತ್ತು ಉದ್ದೇಶಶುದ್ಧಿ: ಪುತ್ತೂರು, ಸುಳ್ಯ, ಕಡಬ

ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ಕ್ರೈಸ್ತ ಸೇವೆಯ ಚರಿತ್ರೆಯನ್ನು ಸಾಮಾನ್ಯವಾಗಿ ಇಗರ್ಜಿ ಮತ್ತು ಶಾಲೆಗಳು ಹುಟ್ಟಿದ ವರ್ಷಗಳ ಮೂಲಕ ಹೇಳುತ್ತಾರೆ. ಆ ಸೇವೆಯನ್ನು ಯಾವ ಮನಸ್ಸಿನಿಂದ ಮಾಡಬೇಕು, ಕೊಟ್ಟವರ ಹೆಸರು ಕಾಣಿಸಬೇಕೇ, ಪಡೆದವರ ಮೇಲೆ ಋಣ ಉಳಿಯಬೇಕೇ ಎಂಬ ಪ್ರಶ್ನೆಗಳಿಗೂ ಇಲ್ಲಿ ಚರಿತ್ರೆಯುಂಟು. ಒಬ್ಬರ ಮನಸ್ಸಿನ ಉದ್ದೇಶವನ್ನು ದಾಖಲೆಯಲ್ಲಿ ಓದಲಾಗದು. ಆ ಉದ್ದೇಶವನ್ನು ಕಾಯಲೆಂದು ಸಭೆಗಳು ಮಾಡಿಕೊಂಡ ಕಟ್ಟಳೆಗಳನ್ನು ಮಾತ್ರ ಓದಬಹುದು. ಈ ಲೇಖನದ ಆಧಾರ ಅವೇ.

ಮೊದಲ ಘಟ್ಟ ಪರಿಚಿತವಾದದ್ದು. 1784ರಲ್ಲಿ ಟಿಪ್ಪು ಸುಲ್ತಾನನ ಸೆರೆಗೆ ಸಿಕ್ಕ ಕರಾವಳಿಯ ಕೊಂಕಣಿ ಕ್ಯಾಥೊಲಿಕರಲ್ಲಿ ಬದುಕುಳಿದವರು 1799ರ ನಂತರ ಮರಳಿ ಬಂದು ಊರುಗಳನ್ನು ಕಟ್ಟಿಕೊಂಡರು. ಪುತ್ತೂರಿನ ಮಾಯಿದೇ ದೇವುಸ್ ಚರ್ಚಿನ ಸ್ಥಾಪನೆ 1830ರದ್ದು. ಸುಳ್ಯ ಸೀಮೆ 1834ರವರೆಗೆ ಕೊಡಗಿನ ಅರಸರಿಗೆ ಸೇರಿತ್ತು. ಅದೇ ವರ್ಷ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದಿಳಿದರು. 1847ರಲ್ಲಿ ತುಳು ಹೊಸ ಒಡಂಬಡಿಕೆ ಅವರ ಅಚ್ಚುಕೂಟದಿಂದ ಹೊರಬಂತು.

ಉದ್ದೇಶದ ಪ್ರಶ್ನೆ ಬಹಿರಂಗವಾಗಿ ಎದ್ದದ್ದು ಈ ಮಿಶನ್ನಿನ ಕಾಲದಲ್ಲಿ. ಮತ ಬದಲಿಸಿದವರು ಕುಲದ ಕಸುಬನ್ನೂ ಮನೆಯನ್ನೂ ಕಳೆದುಕೊಳ್ಳುತ್ತಿದ್ದರು. ಅವರಿಗೆ ಕೆಲಸ ಒದಗಿಸಲು ಮಿಶನ್ನು ನೇಯ್ಗೆ ಆರಂಭಿಸಿತು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಕೆಲಸದ ಆಸೆಗೆ ಜನ ಬರುತ್ತಾರೆ ಎಂಬ ಟೀಕೆ ಬೆನ್ನಿಗೇ ಬಂತು. ಎರಡೂ ಮಾತಿಗೆ ಆಧಾರವಿದೆ: ನಿರ್ಗತಿಕನಿಗೆ ಅನ್ನದ ದಾರಿ ತೋರಿಸದ ಸುವಾರ್ತೆ ಪೊಳ್ಳು, ಅನ್ನ ಕೊಡುವವನೇ ಪಾದ್ರಿಯೂ ಯಜಮಾನನೂ ಆದಾಗ ಪಡೆಯುವವನಿಗೆ ಇಲ್ಲವೆನ್ನುವ ಬಲ ಉಳಿಯುವುದಿಲ್ಲ. ಮುಂದಿನ ಎಲ್ಲ ಚರ್ಚೆಯ ಬೇರು ಇಲ್ಲಿದೆ.

ಇಪ್ಪತ್ತನೆಯ ಶತಮಾನಕ್ಕೆ ಬಂದರೆ ಮೊದಲು ಬಿಡಿಸಬೇಕಾದ ಗೋಜಲು ‘ಬೆಥನಿ’ಯದು. ಈ ಭಾಗದವರು ಬೆಥನಿ ಎಂದಾಗ ಎರಡು ಬೇರೆಬೇರೆ ಸಂಸ್ಥೆಗಳಲ್ಲಿ ಒಂದನ್ನು ಹೇಳುತ್ತಿರುತ್ತಾರೆ. ಮೊದಲನೆಯದು ಮಂಗಳೂರಿನದು. 1921ರ ಜುಲೈ 16ರಂದು ಬೆಂದೂರಿನಲ್ಲಿ ಧರ್ಮಗುರು ರೇಮಂಡ್ ಫ್ರಾನ್ಸಿಸ್ ಕಮಿಲಸ್ ಮಸ್ಕರೇನ್ಹಸ್ (1875–1960) ನಾಲ್ವರು ಯುವತಿಯರೊಂದಿಗೆ ಆರಂಭಿಸಿದ ಧರ್ಮಭಗಿನಿಯರ ಸಂಘ ಅದು. ಬಡ ಹೆಣ್ಣುಮಕ್ಕಳಿಗೆ, ಮುಖ್ಯವಾಗಿ ಹಳ್ಳಿಗಳಲ್ಲಿ, ಅಕ್ಷರ ಕಲಿಸುವುದು ಅದರ ಗುರಿ. ಸಣ್ಣ ಕೆಲಸವನ್ನು ಯಾರ ಕಣ್ಣಿಗೂ ಬೀಳದಂತೆ ಪ್ರೀತಿಯಿಂದ ಮಾಡುವ ‘ಕಿರುದಾರಿ’ಯನ್ನು ಬೋಧಿಸಿದ ಫ್ರಾನ್ಸಿನ ತೆರೇಸಾಳ ಹೆಸರನ್ನು ಅದು ಹೊತ್ತಿತು, ತೆರೇಸಾಳಿಗೆ ಸಂತ ಪದವಿ ದೊರೆತದ್ದು ಆಮೇಲೆ, 1925ರಲ್ಲಿ.

ಎರಡನೆಯ ಬೆಥನಿ ತಿರುವಾಂಕೂರಿನದು. ಬಂಗಾಳದ ಸೆರಾಂಪುರ ಕಾಲೇಜಿನ ಅಧ್ಯಾಪಕ ಹುದ್ದೆ ಬಿಟ್ಟು ಬಂದ ಪಿ.ಟಿ. ಗೀವರ್ಗೀಸ್, ಅಂದರೆ ಮುಂದಿನ ಮಾರ್ ಇವಾನಿಯೋಸ್, 1919ರಲ್ಲಿ ಪೆರುನಾಡಿನಲ್ಲಿ ಆಶ್ರಮ ಕಟ್ಟಿದರು. ಅಲ್ಲಿನ ಸಂನ್ಯಾಸಿಗಳು ಕಾವಿ ಉಡುತ್ತಾರೆ. 1930ರ ಸೆಪ್ಟೆಂಬರ್ 20ರಂದು ಮಾರ್ ಇವಾನಿಯೋಸ್ ರೋಮಿನೊಂದಿಗೆ ಒಂದಾದರು. ಅವರ ಸಂಘದ ಹೆಸರು ‘ಕ್ರಿಸ್ತಾನುಕರಣ’. ಅಹಂಕಾರವನ್ನು ಅಳಿಸಿಕೊಳ್ಳುವುದನ್ನೇ ಸಾಧನೆಯೆಂದು ಎಣಿಸಿದ ಹದಿನೈದನೆಯ ಶತಮಾನದ ಥಾಮಸ್ ಕೆಂಪಿಸನ ಕೃತಿಯದೂ ಅದೇ ಹೆಸರು. ನೆಲ್ಯಾಡಿಯ ಜ್ಞಾನೋದಯ ಬೆಥನಿ ವಿದ್ಯಾಸಂಸ್ಥೆ ಈ ಪರಂಪರೆಯದು. ಹೀಗೆ ಎರಡಕ್ಕೂ ಮೂಲ ಬೇರೆ, ವಿಧಿ ಬೇರೆ. ಸಮಾನವಾದದ್ದು ಬೆಥನಿ ಎಂಬ ಊರ ಹೆಸರಿನ ಹಿಂದಿರುವ, ಲೂಕನ ಸುವಾರ್ತೆಯ 10ನೇ ಅಧ್ಯಾಯದ ಮಾರ್ತಾ ಮತ್ತು ಮರಿಯಾ ಅಕ್ಕತಂಗಿಯರ ಪ್ರಸಂಗ: ಅತಿಥಿಗೆ ಅಡುಗೆ ಮಾಡುತ್ತ ತಂಗಿಯ ಮೇಲೆ ದೂರು ಹೇಳಿದ ಅಕ್ಕನಿಗೆ ಅಲ್ಲಿ ಬುದ್ಧಿಮಾತು ಸಿಗುತ್ತದೆ. ದಿನವಿಡೀ ದುಡಿಯುವ ಎರಡು ಸಂಘಗಳು ದುಡಿಮೆಯ ಗರ್ವವನ್ನು ತಿದ್ದುವ ಆ ಮನೆಯನ್ನೇ ಆರಿಸಿಕೊಂಡದ್ದು ಗಮನಿಸಬೇಕಾದ ಸಂಗತಿ.

‘ಪುತ್ತೂರು ಧರ್ಮಪ್ರಾಂತ್ಯ’ವೂ ಹೀಗೆಯೇ ದಾರಿ ತಪ್ಪಿಸುತ್ತದೆ. ಕೇರಳದ ಬತ್ತೇರಿ ಧರ್ಮಪ್ರಾಂತ್ಯದಿಂದ ಬೇರ್ಪಟ್ಟು 2010ರ ಜನವರಿ 25ರಂದು ಸ್ಥಾಪನೆಯಾದ ಇದು, ಮಾರ್ ಇವಾನಿಯೋಸರೊಂದಿಗೆ ರೋಮನ್ನು ಸೇರಿದ ಸೈರೋ ಮಲಂಕರ ಸಭೆಯದು. ಮಾಯಿದೇ ದೇವುಸ್ ಚರ್ಚು ಇದಕ್ಕೆ ಸೇರಿಲ್ಲ, ಅದು ಮಂಗಳೂರು ಧರ್ಮಪ್ರಾಂತ್ಯದ್ದು. ಸೈರೋ ಮಲಬಾರ್ ಸಭೆಯವರಿಗೆ 1999ರಿಂದ ಬೆಳ್ತಂಗಡಿ ಧರ್ಮಪ್ರಾಂತ್ಯವಿದೆ.

ಇಷ್ಟು ಸಭೆಗಳು ಇಲ್ಲಿ ಸೇರಲು ಕಾರಣ ಕಳೆದ ಶತಮಾನದ ನಡುವಿನಿಂದ ಹೆಚ್ಚಿದ ಕೇರಳದ ವಲಸೆ. ಕಡಬ, ನೆಲ್ಯಾಡಿ, ಇಚ್ಲಂಪಾಡಿ, ಸುಳ್ಯದ ಕಾಡಂಚುಗಳಿಗೆ ಆ ಕುಟುಂಬಗಳು ಬಂದದ್ದು ಸೇವೆಗಲ್ಲ, ಭೂಮಿಗೆ. ರಬ್ಬರ್ ಬೆಳೆದು, ಸ್ವಂತ ಶ್ರಮದಿಂದ ಪ್ರಾರ್ಥನಾಲಯ ಕಟ್ಟಿಕೊಂಡರು. ಈ ಬದಲಾವಣೆ ಇತಿಹಾಸದಲ್ಲಿ ಸಿಗಬೇಕಾದಷ್ಟು ಜಾಗ ಪಡೆದಿಲ್ಲ. ಸೇವೆಯೆಂದರೆ ಹೊರಗಿನಿಂದ ಬಂದ ಗುರುಗಳು ಕೊಡುವುದು ಎಂಬಲ್ಲಿಂದ, ಅಕ್ಕಪಕ್ಕದ ಬೇಸಾಯಗಾರರು ಒಬ್ಬರಿಗೊಬ್ಬರು ಆಗುವುದು ಎಂಬಲ್ಲಿಗೆ ಅದು ತಿರುಗಿತು. ಅದೇ ಅವಧಿಯಲ್ಲಿ, 1958ರಲ್ಲಿ, ಧರ್ಮಗುರು ಆಂಟನಿ ಪತ್ರಾವೊ ಪುತ್ತೂರಿನಲ್ಲಿ ಸಂತ ಫಿಲೋಮಿನಾ ಕಾಲೇಜು ಸ್ಥಾಪಿಸಿದರು.

ದೀನತೆಯನ್ನು ಕಣ್ಣಿಗೆ ಕಾಣಿಸುವ ಆಚರಣೆ ಪವಿತ್ರ ಗುರುವಾರದ ಪಾದ ತೊಳೆಯುವ ವಿಧಿ. ಲ್ಯಾಟಿನ್ ಸಂಪ್ರದಾಯದಲ್ಲಿ ಇದು ಸಂಜೆಯ ಬಲಿಪೂಜೆಯೊಳಕ್ಕೆ, ಜನರ ಎದುರಿಗೆ ಬಂದದ್ದು 12ನೆಯ ಪಯಸ್ ಪೋಪರ 1955ರ ಸುಧಾರಣೆಯಿಂದ. ಅಂದಿನ ನಿಯಮದಂತೆ ಪುರುಷರಿಗಷ್ಟೇ ಅವಕಾಶ. 2016ರ ಜನವರಿ 6ರ ಆದೇಶದ ಮೂಲಕ ಪೋಪ್ ಫ್ರಾನ್ಸಿಸ್ ಅದನ್ನು ಮಹಿಳೆಯರಿಗೂ ತೆರೆದರು. ಸೈರೋ ಮಲಬಾರ್ ಸಭೆ ಮಾತ್ರ ಪುರುಷರು ಮತ್ತು ಹುಡುಗರ ಹಿಂದಿನ ಪದ್ಧತಿಯನ್ನೇ ಮುಂದುವರಿಸಲು 2017ರಲ್ಲಿ ಸೂಚಿಸಿತು. ಆ ಆದೇಶ ಲ್ಯಾಟಿನ್ ವಿಧಿಗೆ ಮಾತ್ರ ಅನ್ವಯ ಎಂಬುದು ಅದರ ವಾದ. ಪೌರಸ್ತ್ಯ ಸಭೆಗಳಿಗೆ ತಮ್ಮದೇ ಆರಾಧನಾಕ್ರಮದ ಹಕ್ಕಿರುವುದು ನಿಜ. ಹೀಗಾಗಿ ಈ ತಾಲ್ಲೂಕುಗಳಲ್ಲಿ ಒಂದೇ ಸಂಜೆ, ಹತ್ತಿರದ ಎರಡು ಚರ್ಚುಗಳಲ್ಲಿ, ಯಾರ ಮುಂದೆ ಬಾಗಬೇಕು ಎಂಬುದಕ್ಕೆ ಎರಡು ನಿಯಮಗಳಿವೆ. ಮಲಯಾಳಿ ಮನೆಗಳಲ್ಲಿ ಅದೇ ರಾತ್ರಿ ಹಿರಿಯರು ಪೆಸಹಾ ಅಪ್ಪ ಮುರಿದು ಕಿರಿಯರಿಗೆ ಹಂಚುತ್ತಾರೆ. ಅಲ್ಲಿ ಹೆಣ್ಣು, ಗಂಡು, ಮಕ್ಕಳೆಲ್ಲ ಪಡೆಯುವವರೇ.

ಕೊಟ್ಟವರ ಹೆಸರಿನ ವಿಷಯದಲ್ಲಿ ಆಚಾರ ಇಬ್ಭಾಗವಾಗಿದೆ. ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯ ದಾನವನ್ನು ಗುಟ್ಟಾಗಿಡಲು ಹೇಳುತ್ತದೆ. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡೆರಿಕ್ ಓಝನಾಮ್ ಮತ್ತು ಗೆಳೆಯರು ಆರಂಭಿಸಿದ, ಈಗ ಮಂಗಳೂರು ಧರ್ಮಪ್ರಾಂತ್ಯದಲ್ಲೂ ಇರುವ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ ಅದನ್ನು ಕಟ್ಟಳೆಯಾಗಿಸಿಕೊಂಡಿದೆ: ಬಡವರ ಮನೆಗೆ ತಾವೇ ಹೋಗಬೇಕು, ಅವರ ಗುಟ್ಟು ಕಾಯಬೇಕು. ಇನ್ನೊಂದೆಡೆ ಚರ್ಚು, ಸಭಾಂಗಣಗಳ ಗೋಡೆಗಳಲ್ಲಿ ದಾನಿಗಳ ಹೆಸರಿನ ಶಿಲಾಫಲಕಗಳು ಸಾಮಾನ್ಯ. ಸಾರ್ವಜನಿಕ ಹಣಕ್ಕೆ ಸಾರ್ವಜನಿಕ ಲೆಕ್ಕ ಬೇಕೆಂಬ ಸಮರ್ಥನೆಗೆ ತೂಕವಿದೆ, ಆದರೆ ಲೆಕ್ಕಪತ್ರ ಸಾಲುವಲ್ಲಿ ಅಮೃತಶಿಲೆ ಬೇಕಾಗಿರಲಿಲ್ಲ.

2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರು ಸುತ್ತಮುತ್ತ ಚರ್ಚುಗಳ ಮೇಲೆ ದಾಳಿಗಳು ನಡೆದ ನಂತರ ಉದ್ದೇಶದ ಪ್ರಶ್ನೆ ಸಭೆಯ ಒಳಗಿನಿಂದ ಸರಕಾರದ ಕಡೆಗೆ ಸರಿಯಿತು. ಕರ್ನಾಟಕದ 2022ರ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ‘ಆಮಿಷ’ದ ವ್ಯಾಖ್ಯೆಯಲ್ಲಿ ಉಡುಗೊರೆ, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಎಲ್ಲವನ್ನೂ ಸೇರಿಸಿತು, ಮತಾಂತರ ಅಕ್ರಮವಲ್ಲವೆಂದು ಸಾಬೀತುಪಡಿಸುವ ಹೊಣೆಯನ್ನು ಆರೋಪಿಯ ಮೇಲೆ ಹೊರಿಸಿತು. ಅದನ್ನು ರದ್ದುಪಡಿಸಲು ರಾಜ್ಯ ಸಚಿವ ಸಂಪುಟ 2023ರ ಜೂನ್‌ನಲ್ಲಿ ನಿರ್ಧರಿಸಿತು. ಬಲವಂತ ಮತ್ತು ಆಮಿಷದಿಂದ ದುರ್ಬಲರನ್ನು ಕಾಯುವುದೇ ಗುರಿ ಎಂಬುದು ಬೆಂಬಲಿಗರ ಮಾತು, ದಾನವನ್ನೇ ಅಪರಾಧದ ನೆರಳಿಗೆ ತಳ್ಳಿತು ಎಂಬುದು ವಿರೋಧಿಗಳದು. ಎರಡೂ ಕಡೆಯವರು ಹೆಚ್ಚು ಗಮನಿಸದ ತೊಡಕೊಂದಿದೆ. ಉದ್ದೇಶ ಕೆಡದಿರಲೆಂದು ಪರಂಪರೆ ಕಲಿಸಿದ್ದು ಗುಟ್ಟಿನ ದಾನ, ಚೀಟಿಯಿಲ್ಲದ ನೆರವು. ಸಾಬೀತಿನ ಹೊಣೆ ಕೊಟ್ಟವನದಾದರೆ, ದಾಖಲೆಯೇ ಇಲ್ಲದ ಆ ನೆರವಿಗೆ ಸಾಕ್ಷಿ ಹೇಳಬಲ್ಲವನು ಪಡೆದವನೊಬ್ಬನೇ. ಅವನ ಹೆಸರನ್ನು ಹೊರಗೆ ಹೇಳದಿರುವುದೇ ಕೊಟ್ಟವನು ಒಪ್ಪಿಕೊಂಡ ಕಟ್ಟಳೆ.