ತಮಟೆ, ಮೃದಂಗ ಮತ್ತು ಮೊದಲ ಪಾಠ

ತಮಟೆಯ ಸದ್ದು ಕೇಳದೆ ಬೆಳೆದವರು ನಮ್ಮ ಸೀಮೆಯಲ್ಲಿ ಯಾರೂ ಇಲ್ಲ. ಜಾತ್ರೆ, ಮದುವೆ ಮೆರವಣಿಗೆ, ಸಾವಿನ ಮನೆ, ಪಂಚಾಯಿತಿಯ ಡಂಗುರ, ಗಣಪತಿ ಬಿಡುವ ದಿನ, ಎಲ್ಲ ಕಡೆಯೂ ಅದೇ ಮುಂದೆ. ಆದರೆ ಕೇಳಿದವರೆಲ್ಲ ಕಲಿತವರಲ್ಲ. ಐವತ್ತು ವರ್ಷಗಳಲ್ಲಿ ನಮ್ಮ ಶಾಲೆಯಲ್ಲಿ ಸಾವಿರಾರು ಮಕ್ಕಳು ಅಕ್ಷರ ಕಲಿತರು, ಲೆಕ್ಕ ಕಲಿತರು, ಇಂಗ್ಲಿಷ್ ಕಲಿತರು. ಊರಿನಲ್ಲೇ ಇದ್ದ, ದಿನವೂ ಕಿವಿಗೆ ಬೀಳುತ್ತಿದ್ದ ವಾದ್ಯವನ್ನು ಕಲಿತವರು ಮಾತ್ರ ಬೆರಳೆಣಿಕೆಯಷ್ಟು.

ಈ ಸುವರ್ಣ ಮಹೋತ್ಸವ ಸಂಚಿಕೆಯಲ್ಲಿ ಶಾಲೆಯ ಕಟ್ಟಡ, ಗುರುಗಳು, ಫಲಿತಾಂಶಗಳ ಬಗ್ಗೆ ಬರೆಯುವವರು ಇದ್ದೇ ಇರುತ್ತಾರೆ. ನಾನು ಬರೆಯಹೊರಟಿರುವುದು ಒಂದು ಸಣ್ಣ ಪ್ರಶ್ನೆಯ ಇತಿಹಾಸ. ಏನೂ ಗೊತ್ತಿಲ್ಲದ ಒಬ್ಬ ಹುಡುಗನೋ ಹುಡುಗಿಯೋ ಚರ್ಮವಾದ್ಯವೊಂದರ ಮುಂದೆ ಕೂತು ಮೊದಲ ಪಾಠ ಹೇಳಿಸಿಕೊಳ್ಳುವುದು ನಮ್ಮಲ್ಲಿ ಹೇಗೆ ಸಾಧ್ಯವಾಯಿತು? ಅದಕ್ಕೆ ಮೊದಲು ಯಾಕೆ ಕಷ್ಟವಾಗಿತ್ತು?

ಗೌರವದ ವಾದ್ಯವಾಗಿದ್ದ ತಮ್ಮಟ

ಚರ್ಮವಾದ್ಯಗಳ ಶಾಸ್ತ್ರ ನಮ್ಮಲ್ಲಿ ಬಹಳ ಹಳೆಯದು. ಭರತನ ನಾಟ್ಯಶಾಸ್ತ್ರ ವಾದ್ಯಗಳನ್ನು ತತ, ಸುಷಿರ, ಅವನದ್ಧ, ಘನ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಅವನದ್ಧ ಎಂದರೆ ಚರ್ಮ ಮುಚ್ಚಿ ಬಿಗಿದ ವಾದ್ಯ. ಮೃದಂಗ, ಮದ್ದಳೆ, ಚೆಂಡೆ, ಡೊಳ್ಳು, ತಮಟೆ ಎಲ್ಲವೂ ಈ ಒಂದೇ ಕುಲಕ್ಕೆ ಸೇರಿದವು.

ಕನ್ನಡ ಶಾಸನಗಳನ್ನು ಓದಿದವರಿಗೆ ‘ಸಮಧಿಗತ ಪಂಚಮಹಾಶಬ್ದ’ ಎಂಬ ಬಿರುದು ಪರಿಚಿತ. ಮಹಾಮಂಡಲೇಶ್ವರರಂಥ ಸಾಮಂತರ ಹೆಸರಿನ ಹಿಂದೆ ಅದು ಮತ್ತೆ ಮತ್ತೆ ಬರುತ್ತದೆ. ಐದು ದೊಡ್ಡ ವಾದ್ಯಗಳನ್ನು ನುಡಿಸಿಕೊಳ್ಳುವ ಗೌರವವನ್ನು ಪಡೆದವನು ಎಂದು ಅದರ ಅರ್ಥ. ವಿದ್ವಾಂಸರು ಸಾಮಾನ್ಯವಾಗಿ ಕೊಡುವ ಪಟ್ಟಿಯಲ್ಲಿ ಶೃಂಗ, ಶಂಖ, ಭೇರಿ, ಜಯಘಂಟೆಗಳ ಜೊತೆಗೆ ಐದನೆಯದಾಗಿ ತಮ್ಮಟ ಇದೆ. ನಮ್ಮ ತಮಟೆಯ ಹೆಸರು ಈ ತಮ್ಮಟದ್ದೇ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ಶಿಲ್ಪಗಳಲ್ಲೂ ಮದ್ದಳೆ ಬಾರಿಸುವವರು ಇದ್ದಾರೆ, ಹೆಂಗಸರೂ ಇದ್ದಾರೆ.

ಹೀಗೆ ಒಂದು ಕಾಲಕ್ಕೆ ರಾಜಮರ್ಯಾದೆಯ ಗುರುತಾಗಿದ್ದ ವಾದ್ಯವೇ ಮುಂದೆ ಊರಾಚೆಯ ಕೇರಿಯ ಗುರುತಾಯಿತು. ಇದನ್ನು ನೆನಪಿಟ್ಟುಕೊಳ್ಳದೆ ಮುಂದಿನ ಕಥೆ ತಿಳಿಯುವುದಿಲ್ಲ. ಕೀಳೆನಿಸಿದ್ದು ವಾದ್ಯದ ದನಿಯ ದೋಷದಿಂದ ಅಲ್ಲ, ಅದನ್ನು ಹಿಡಿದ ಕೈಯನ್ನು ಸಮಾಜ ಕಂಡ ಬಗೆಯಿಂದ.

ಹುಟ್ಟಿನಿಂದ ಬಂದ ಕೆಲಸ

ಹಿಂದೆ ಚರ್ಮವಾದ್ಯ ಕಲಿಯಲು ‘ತೀರಾ ಹೊಸಬ’ ಎಂಬವನು ಇರುತ್ತಿದ್ದುದೇ ಅಪರೂಪ. ವಾದ್ಯ ಮನೆಯಲ್ಲೇ ಇರುತ್ತಿತ್ತು. ಹಾಲುಮತದ ಕುರುಬರ ಮನೆಯ ಹುಡುಗ ಬೀರೇಶ್ವರನ ಗುಡಿಯಲ್ಲಿ ದೊಡ್ಡವರ ಡೊಳ್ಳು ಕೇಳುತ್ತಾ ನಡೆಯಲು ಕಲಿಯುತ್ತಿದ್ದ. ಯಕ್ಷಗಾನ ಮೇಳದವರ ಮನೆಯ ಹುಡುಗನಿಗೆ ಚೆಂಡೆ, ಮದ್ದಳೆಯ ನುಡಿತ ಮಾತಿನ ಜೊತೆಯಲ್ಲೇ ಬರುತ್ತಿತ್ತು. ಯಾರೂ ಕೂರಿಸಿ ಪಾಠ ಹೇಳಬೇಕಾಗಿರಲಿಲ್ಲ.

ತಮಟೆಯ ವಿಷಯ ಬೇರೆ. ಉತ್ತರ ಕರ್ನಾಟಕದಲ್ಲಿ ಹಲಗೆ ಎನ್ನಿಸಿಕೊಳ್ಳುವ ಈ ವಾದ್ಯವನ್ನು ದಲಿತ ಕೇರಿಯ ಮನೆಗಳಲ್ಲಿ ಕಲಿಯುತ್ತಿದ್ದರು. ಕಲಿಯದೆ ಇರುವ ಸ್ವಾತಂತ್ರ್ಯ ಇರಲಿಲ್ಲ. ಊರಿನಲ್ಲಿ ಯಾರೋ ತೀರಿಕೊಂಡರೆ ಬಂದು ಬಡಿಯಬೇಕು, ಡಂಗುರ ಸಾರಬೇಕು, ಹಬ್ಬದಲ್ಲಿ ದೇವರ ಮುಂದೆ ನುಡಿಸಬೇಕು, ಆದರೆ ಗುಡಿಯ ಹೊರಗೆ ನಿಲ್ಲಬೇಕು. ಬೇರೆ ಮನೆಯ ಮಕ್ಕಳು ಆ ವಾದ್ಯ ಮುಟ್ಟಿದರೆ ಮನೆಯಲ್ಲಿ ಏಟು. ಒಬ್ಬರಿಗೆ ಬಲವಂತ, ಇನ್ನೊಬ್ಬರಿಗೆ ನಿಷೇಧ. ಇವೆರಡರ ನಡುವೆ ಇಷ್ಟಪಟ್ಟು ಕಲಿಯುವವನಿಗೆ ಜಾಗವಿರಲಿಲ್ಲ.

ಮೃದಂಗದಲ್ಲೂ ಇಂಥದೇ ಒಂದು ಗೋಡೆ ಇತ್ತು, ಬೇರೆ ರೂಪದಲ್ಲಿ. ಮೃದಂಗಕ್ಕೆ ಹಸು, ಎಮ್ಮೆ, ಮೇಕೆ ಈ ಮೂರರ ಚರ್ಮವೂ ಬೇಕು. ಚರ್ಮ ಆರಿಸಿ, ಹದ ಮಾಡಿ, ಮುಚ್ಚಿಗೆ ಕಟ್ಟುವವರು ಬಹುಪಾಲು ದಲಿತ ಕುಟುಂಬಗಳವರು. ಪಾಲ್ಘಾಟ್ ಮಣಿ ಅಯ್ಯರ್ (1912–1981) ಅವರ ಹೆಸರು ಸಂಗೀತ ಬಲ್ಲವರಿಗೆಲ್ಲ ಗೊತ್ತು. ಅವರ ಮೃದಂಗಗಳನ್ನು ಕಟ್ಟಿಕೊಟ್ಟ ತಂಜಾವೂರಿನ ಪರ್ಲಾಂದು ಅವರ ಹೆಸರು ಗೊತ್ತಿರುವವರು ಕಡಿಮೆ. ಗಾಯಕ ಟಿ.ಎಂ. ಕೃಷ್ಣ ಅವರು 2020ರಲ್ಲಿ ಪ್ರಕಟಿಸಿದ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಎಂಬ ಪುಸ್ತಕ ಈ ಕುಶಲಿಗಳ ಕಥೆಯನ್ನೇ ಹೇಳುತ್ತದೆ. ವಾದ್ಯ ಮಾಡುವ ಮನೆಯ ಮಗು ವೇದಿಕೆಯಲ್ಲಿ ಕೂತು ಅದನ್ನು ನುಡಿಸುವುದು ಅಪರೂಪವೇ ಆಗಿತ್ತು.

ಬಾಗಿಲು ತೆರೆದ ಬಗೆ

ಈ ಗೋಡೆಗಳು ಒಂದೇ ದಿನ ಬೀಳಲಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಊರಿನ ಪದ್ಧತಿ ಬದಲಾಗಲು ಮತ್ತಷ್ಟು ಕಾಲ ಬೇಕಾಯಿತು. ನಮ್ಮ ಶಾಲೆ ಬಾಗಿಲು ತೆರೆದ 1970ರ ದಶಕದಲ್ಲೇ ಕರ್ನಾಟಕದಲ್ಲಿ ದಲಿತ ಚಳವಳಿ ಬೆಳೆಯಿತು. ಕೆಲವು ಊರುಗಳಲ್ಲಿ ಯುವಕರು, ಇನ್ನು ಮೇಲೆ ಯಾರ ಅಪ್ಪಣೆಗೂ ತಮಟೆ ಬಡಿಯುವುದಿಲ್ಲ ಎಂದರು. ಅದೇ ಚಳವಳಿಯ ಮೆರವಣಿಗೆಗಳಲ್ಲಿ ಹೋರಾಟದ ಹಾಡಿನ ಜೊತೆ ತಮಟೆ ಮೊಳಗಿತು. ಮೇಲುನೋಟಕ್ಕೆ ಇವು ಒಂದಕ್ಕೊಂದು ವಿರುದ್ಧ. ಯೋಚಿಸಿದರೆ ಎರಡೂ ಒಂದೇ ಮಾತು: ನುಡಿಸುವುದೂ ಬಿಡುವುದೂ ನಮ್ಮ ಇಷ್ಟ.

ಇತ್ತ ಬೆಂಗಳೂರಿನಲ್ಲಿ ವಿದ್ವಾನ್ ಟಿ.ಎ.ಎಸ್. ಮಣಿ ಅವರು 1964ರಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಆರಂಭಿಸಿದರು. ತಾಳವಾದ್ಯಗಳಿಗೇ ಮೀಸಲಾದ ಶಾಲೆ ಅದು. ಉಡುಪಿಯಲ್ಲಿ 1970ರ ದಶಕದ ಆರಂಭದಲ್ಲಿ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ ಯಕ್ಷಗಾನ ಕೇಂದ್ರ ಶುರುವಾಯಿತು. ಅಲ್ಲಿಯವರೆಗೆ ಮೇಳದ ಹಿಂದೆ ಊರೂರು ಅಲೆದು ಕಲಿಯಬೇಕಾಗಿದ್ದ ವಿದ್ಯೆಯನ್ನು ಒಂದು ಕಡೆ ಕೂತು ಕಲಿಯಬಹುದಾಯಿತು. ಎಸ್‌ಎಸ್‌ಎಲ್‌ಸಿ ಪರೀಕ್ಷೆ ನಡೆಸುತ್ತಿದ್ದ ಮಂಡಳಿಯೇ ಬಹುಕಾಲ ಸಂಗೀತದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳನ್ನೂ ನಡೆಸಿತು. ಅದರಲ್ಲಿ ತಾಳವಾದ್ಯವೂ ಒಂದು ವಿಭಾಗ. ಹೆಸರು ನೋಂದಾಯಿಸಿ, ಶುಲ್ಕ ಕಟ್ಟಿ, ಕಲಿತು ಬಂದವರು ಪರೀಕ್ಷೆಗೆ ಕೂರಬಹುದಾಗಿತ್ತು.

ಎಷ್ಟು ದೂರದವರೂ ಕಲಿಯಬಹುದು ಎಂಬುದಕ್ಕೆ ಹಿರಿಯಡ್ಕ ಗೋಪಾಲರಾಯರ ಮನೆಯೇ ಸಾಕ್ಷಿ. 1919ರಲ್ಲಿ ಹುಟ್ಟಿ 2020ರವರೆಗೆ, ನೂರು ವರ್ಷ ತುಂಬಿಸಿ ಬಾಳಿದ ಈ ಮದ್ದಳೆಗಾರರ ಬಳಿಗೆ ಅಮೆರಿಕದಿಂದ ಮಾರ್ತಾ ಆಷ್ಟನ್ ಎಂಬ ಸಂಶೋಧಕಿ ಬಂದು ಯಕ್ಷಗಾನ ಕಲಿತರು. ಭಾಷೆ ಬೇರೆ, ದೇಶ ಬೇರೆ, ಮೇಲಾಗಿ ಹೆಂಗಸು. ರಾಯರು ಇಲ್ಲ ಎನ್ನಲಿಲ್ಲ. ಆಕೆ ಯಕ್ಷಗಾನದ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಪುಸ್ತಕ 1977ರಲ್ಲಿ ಪ್ರಕಟವಾಯಿತು.

ಹೆಣ್ಣುಮಕ್ಕಳ ದಾರಿ ಸುಲಭದ್ದಾಗಿರಲಿಲ್ಲ. ಬೆಂಗಳೂರಿನಲ್ಲಿ ನೆಲೆಸಿರುವ ಘಟಂ ವಿದುಷಿ ಸುಕನ್ಯಾ ರಾಮಗೋಪಾಲ್ ಹುಡುಗಿಯಾಗಿದ್ದಾಗ ಘಟಂ ಕಲಿಯುತ್ತೇನೆ ಎಂದಾಗ, ಅದು ಹೆಣ್ಣಿನ ಬೆರಳಿಗೆ ಗಟ್ಟಿ ಎಂಬ ಮಾತು ಬಂದಿತ್ತು. ಟಿ.ಆರ್. ಹರಿಹರ ಶರ್ಮ ಅವರು ಆ ಮಾತನ್ನು ಒಪ್ಪದೆ ಕಲಿಸಿದರು. 1995ರಲ್ಲಿ ಸುಕನ್ಯಾ ಅವರು ‘ಸ್ತ್ರೀ ತಾಳ ತರಂಗ’ ಎಂಬ ಮಹಿಳಾ ವೃಂದವನ್ನೇ ಕಟ್ಟಿದರು. ಇವತ್ತು ಡೊಳ್ಳು ಕುಣಿತದಲ್ಲಿ ಮಹಿಳಾ ತಂಡಗಳನ್ನು ನೋಡುವುದು ನಮಗೆ ಸಾಮಾನ್ಯವಾಗಿದೆ.

ತಮಟೆಗೂ ಹಳೆಯ ಗೌರವ ಸ್ವಲ್ಪ ಸ್ವಲ್ಪವಾಗಿ ಮರಳುತ್ತಿದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ತಮಟೆಗಾಗಿಯೇ.

ಮೊದಲ ಪಾಠದಲ್ಲಿ ಏನಿದೆ

ಈಗ ಹೊಸಬನ ಕಡೆ ಬರೋಣ. ಮೃದಂಗ ಕಲಿಯಲು ಕೂತವನಿಗೆ ಗುರುಗಳು ಮೊದಲು ಹೇಳಿಕೊಡುವುದು ನಾಲ್ಕು ಅಕ್ಷರ: ತ, ಧಿ, ತೊಂ, ನಂ. ಮೊದಲು ಬಾಯಲ್ಲಿ ಹೇಳಬೇಕು, ಆಮೇಲೆ ಕೈಯಲ್ಲಿ ನುಡಿಸಬೇಕು. ನಿಧಾನವಾಗಿ ಒಂದು ಸಲ, ಅದರ ಎರಡರಷ್ಟು ವೇಗದಲ್ಲಿ ಒಂದು ಸಲ, ನಾಲ್ಕರಷ್ಟು ವೇಗದಲ್ಲಿ ಇನ್ನೊಂದು ಸಲ. ಹೊಸಬರು ಎಡವುವುದು ವೇಗದಲ್ಲಿ ಅಲ್ಲ, ನಿಧಾನದಲ್ಲಿ. ನಿಧಾನ ಕಾಲದಲ್ಲಿ ಎರಡು ಪೆಟ್ಟಿನ ನಡುವಿನ ಖಾಲಿ ಜಾಗವನ್ನು ಸಮವಾಗಿ ಕಾಯುವುದೇ ಕಷ್ಟ. ಆದಿತಾಳದ ಎಂಟು ಎಣಿಕೆಯನ್ನು ತಪ್ಪದೆ ಹಾಕಲು ಬಂದವನಿಗೆ ಅರ್ಧ ವಿದ್ಯೆ ಬಂದ ಹಾಗೆ. ಯಕ್ಷಗಾನದಲ್ಲಿ ಏಕತಾಳ ನಾಲ್ಕು, ರೂಪಕ ಆರು, ತ್ರಿವುಡೆ ಏಳು, ಝಂಪೆ ಹತ್ತು ಎಣಿಕೆ. ಏಳನ್ನು ಸಮವಾಗಿ ಕಾಯ್ದುಕೊಳ್ಳಲು ಕಲಿತ ಮಗುವಿಗೆ ಗಣಿತದ ತರಗತಿಯಲ್ಲೂ ಭಯ ಕಡಿಮೆಯಾಗುತ್ತದೆ ಎಂಬುದು ನನ್ನ ನಂಬಿಕೆ.

ತಮಟೆಯ ಪಾಠ ಬೆಂಕಿಯಿಂದ ಆರಂಭ. ಚರ್ಮ ಗಾಳಿಯ ತೇವ ಹೀರಿಕೊಂಡು ಸಡಿಲವಾಗುತ್ತದೆ. ಹುಲ್ಲು ಉರಿಸಿ ಕಾಯಿಸಿದರೆ ತೇವ ಹೋಗಿ ಬಿಗಿಯಾಗುತ್ತದೆ, ದನಿ ಮೇಲಕ್ಕೇರುತ್ತದೆ. ಹೆಚ್ಚು ಕಾಯಿಸಿದರೆ ಚರ್ಮ ಬಿರಿಯುತ್ತದೆ. ಬೆರಳಲ್ಲಿ ತಟ್ಟಿ ನೋಡಿ ಸಾಕು ಎಂದು ತಿಳಿಯುವುದೇ ಒಂದು ವಿದ್ಯೆ. ಆಮೇಲೆ ಎರಡು ಕೋಲು: ಒಂದು ಗಿಡ್ಡ ಮತ್ತು ದಪ್ಪ, ಇನ್ನೊಂದು ಉದ್ದ ಮತ್ತು ತೆಳು. ದಪ್ಪ ಕೋಲು ನಡೆ ಹಿಡಿಯುತ್ತದೆ, ತೆಳು ಕೋಲು ಅದರ ಮೇಲೆ ಚಿತ್ತಾರ ಬಿಡಿಸುತ್ತದೆ. ಎರಡು ಕೈ ಎರಡು ಕೆಲಸ ಮಾಡುವುದನ್ನು ಕಲಿಯುವವರೆಗೆ ಯಾರಿಗಾದರೂ ಕಷ್ಟವೇ. ತಮಟೆ ನುಡಿಸುವುದು ಬರೀ ಬಡಿತ ಎನ್ನುವವರು ಒಂದು ಸಲ ಕೋಲು ಹಿಡಿದು ನೋಡಲಿ.

ಇದರಲ್ಲಿ ವಿಜ್ಞಾನವೂ ಇದೆ. ಸರ್ ಸಿ.ವಿ. ರಾಮನ್ ಅವರು ನಮ್ಮ ಚರ್ಮವಾದ್ಯಗಳ ಬಗ್ಗೆ 1920ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ಬರೆದಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಮೇಲೆ 1934ರಲ್ಲಿ ವಿವರವಾದ ಪ್ರಬಂಧ ಪ್ರಕಟಿಸಿದರು. ಬರೀ ಚರ್ಮ ಬಿಗಿದ ವಾದ್ಯಕ್ಕೆ ಪೆಟ್ಟು ಕೊಟ್ಟರೆ ಅದು ಒಂದೇ ಸಲ ಹಲವು ಬಗೆಯಲ್ಲಿ ಕಂಪಿಸುತ್ತದೆ, ಆ ಕಂಪನಗಳ ಆವೃತ್ತಿಗಳು ಒಂದಕ್ಕೊಂದು ಹೊಂದುವುದಿಲ್ಲ. ಮೃದಂಗದ ಬಲಮುಖದ ನಡುವೆ ಹಚ್ಚುವ ಕಪ್ಪು ಕರಣೆಯ ಭಾರದಿಂದ ಆ ಆವೃತ್ತಿಗಳು ಒಂದು, ಎರಡು, ಮೂರು, ನಾಲ್ಕು, ಐದು ಎಂಬ ಸರಳ ಲೆಕ್ಕಕ್ಕೆ ಬರುತ್ತವೆ. ಅದರಿಂದಲೇ ಮೃದಂಗ ಶ್ರುತಿ ಹಿಡಿಯುತ್ತದೆ. ಈ ಕರಣೆಯನ್ನು ಪದರ ಪದರವಾಗಿ ಹಚ್ಚಿ ಉಜ್ಜಿದ ಕೈಗಳು ಯಾವ ಪ್ರಯೋಗಾಲಯವನ್ನೂ ನೋಡಿರಲಿಲ್ಲ. ಅವರು ಕಿವಿಯಿಂದ ಕಂಡುಕೊಂಡ ಹದಕ್ಕೆ ರಾಮನ್ ಅವರು ಕಾರಣ ತೋರಿಸಿದರು.

ನಮ್ಮ ಶಾಲೆಗೆ ಒಂದು ಮಾತು

ಪ್ರತಿಭಾ ಕಾರಂಜಿ ಬಂದಾಗ ಜನಪದ ನೃತ್ಯಕ್ಕೆ ತಮಟೆ ಬೇಕಾಗುತ್ತದೆ. ಸ್ವಾತಂತ್ರ್ಯೋತ್ಸವದ ಪ್ರಭಾತಫೇರಿಗೂ ಬೇಕು. ಆಗ ‘ನೀನು ಹಿಡಿ’ ಎಂದು ಯಾವ ಮನೆಯ ಹುಡುಗನಿಗೆ ಹೇಳುತ್ತೇವೆ ಎಂಬುದನ್ನು ಶಿಕ್ಷಕರೂ ಊರಿನವರೂ ಒಮ್ಮೆ ಯೋಚಿಸಬೇಕು. ಕೇರಿಯ ಹುಡುಗನ ಕೈಗೇ ತಮಟೆ ಕೊಟ್ಟು ಉಳಿದ ಮಕ್ಕಳನ್ನು ಕುಣಿಯಲು ನಿಲ್ಲಿಸಿದರೆ, ಹಳೆಯ ಬಲವಂತವನ್ನು ಶಾಲೆಯ ಆವರಣಕ್ಕೆ ತಂದಂತೆ. ಆ ಹುಡುಗ ಮೃದಂಗದ ಮುಂದೆ ಕೂರಲು ಆಸೆಪಟ್ಟರೆ ಅದಕ್ಕೂ ದಾರಿ ಇರಬೇಕು.

ಎಲ್ಲ ಮಕ್ಕಳೂ ಒಂದೇ ಸಾಲಿನಲ್ಲಿ ಕೂತು, ಗಂಡು ಹೆಣ್ಣು ಎನ್ನದೆ, ಕೋಲು ಹಿಡಿಯುವುದರಿಂದ ಶುರು ಮಾಡಿದರೆ ಅದು ಪಾಠ. ನಮ್ಮ ಊರುಗಳಲ್ಲಿ ತಮಟೆ, ಡೊಳ್ಳು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಅವರನ್ನು ವಾರಕ್ಕೆ ಒಂದು ದಿನ ಶಾಲೆಗೆ ಕರೆದು, ಶಿಕ್ಷಕರ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಸಂಭಾವನೆ ಕೊಟ್ಟು, ಮಕ್ಕಳಿಗೆ ಕಲಿಸಲು ಕೇಳಬೇಕು. ಹಳೆಯ ವಿದ್ಯಾರ್ಥಿಗಳ ಸಂಘ ಮನಸ್ಸು ಮಾಡಿದರೆ ಹತ್ತು ತಮಟೆ, ನಾಲ್ಕು ಡೊಳ್ಳು, ಒಂದೆರಡು ಮೃದಂಗ ಕೊಡಿಸುವುದು ದೊಡ್ಡ ಮಾತಲ್ಲ. ಮಳೆಗಾಲದಲ್ಲಿ ತೇವ ತಾಗದಂತೆ ಇಡಲು ಒಂದು ಬೀರು ಬೇಕು, ಅಷ್ಟೆ.

ಐವತ್ತು ವರ್ಷದ ಹಿಂದೆ ಈ ಶಾಲೆ ಬಂದಾಗ, ಅಕ್ಷರ ತಮ್ಮ ಮನೆತನದಲ್ಲಿ ಇಲ್ಲ ಎನ್ನುತ್ತಿದ್ದ ಮನೆಗಳ ಮಕ್ಕಳು ಮೊದಲ ಬಾರಿಗೆ ಸ್ಲೇಟು ಹಿಡಿದರು. ಅವರೆಲ್ಲ ತೀರಾ ಹೊಸಬರೇ ಆಗಿದ್ದರು. ಅಕ್ಷರಕ್ಕೆ ಕೊಟ್ಟ ಆ ಅವಕಾಶವನ್ನು ತಾಳಕ್ಕೂ ಕೊಡೋಣ.