ಗ್ಲೈಡರ್‌ಗೂ ಉಂಟು ಆಯುಷ್ಯದ ಮಿತಿ: ನಾರು-ರಾಳದ ರೆಕ್ಕೆಯ ತಪಾಸಣೆ ಹೇಗೆ?

ಕಬ್ಬಿಣದ ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಾಗಿಸುತ್ತಾ ಹೋದರೆ ಒಂದು ಹಂತದಲ್ಲಿ ಅದು ತುಂಡಾಗುತ್ತದೆ. ಒಂದು ಸಲದ ಬಾಗುವಿಕೆ ಅದಕ್ಕೆ ಏನೂ ಮಾಡದು. ಸಾವಿರ ಸಲದ ಬಾಗುವಿಕೆ ಅದನ್ನು ಮುರಿಯುತ್ತದೆ. ತಂತ್ರಜ್ಞರು ಇದನ್ನು 'ದಣಿವು' ಎನ್ನುತ್ತಾರೆ. ಎಂಜಿನ್ ಇಲ್ಲದೆ ಗಾಳಿಯ ಏರುಪ್ರವಾಹವನ್ನೇ ನೆಚ್ಚಿ ಹಾರುವ ಗ್ಲೈಡರ್‌ನ ನೀಳ ರೆಕ್ಕೆಗಳು ಪ್ರತಿ ಹಾರಾಟದಲ್ಲೂ ಹೀಗೆ ಬಾಗುತ್ತಿರುತ್ತವೆ. ಆದ್ದರಿಂದಲೇ ಗ್ಲೈಡರ್‌ಗಳಿಗೆ ಹಾರಾಟದ ಗಂಟೆಗಳ ಲೆಕ್ಕದಲ್ಲಿ ಆಯುಷ್ಯವನ್ನು ನಿಗದಿ ಮಾಡಲಾಗುತ್ತದೆ.

ಮರದಿಂದ ನಾರಿಗೆ

ಗ್ಲೈಡರ್ ನಿರ್ಮಾಣ ಕರ್ನಾಟಕಕ್ಕೆ ಹೊಸತಲ್ಲ. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯಲ್ಲಿ 1940ರ ದಶಕದ ಆರಂಭದಲ್ಲಿ ವಿ.ಎಂ. ಘಾಟಗೆ ಅವರು ಸೈನಿಕರನ್ನು ಸಾಗಿಸಬಲ್ಲ 'ಜಿ-1' ಗ್ಲೈಡರ್‌ನ ವಿನ್ಯಾಸ ರೂಪಿಸಿದ್ದರು. ಅಂದಿನ ಗ್ಲೈಡರ್‌ಗಳಲ್ಲಿ ಮರದ ಬಳಕೆಯೇ ಹೆಚ್ಚು. 1957ರ ನವೆಂಬರ್ 27ರಂದು ಜರ್ಮನಿಯಲ್ಲಿ ಗಾಜಿನ ನಾರು ಬಳಸಿ ಕಟ್ಟಿದ 'ಫೀನಿಕ್ಸ್' ಗ್ಲೈಡರ್ ಹಾರಿದ ನಂತರ ಚಿತ್ರ ಬದಲಾಯಿತು. ಗಾಜು ಅಥವಾ ಇಂಗಾಲದ ನಾರನ್ನು ರಾಳದಲ್ಲಿ ತೋಯಿಸಿ ಗಟ್ಟಿಗೊಳಿಸಿದ ಈ ಕಾಂಪೊಸಿಟ್ ವಸ್ತು ಹಗುರವಾಗಿದ್ದು, ರೆಕ್ಕೆಗೆ ನುಣುಪಾದ ಆಕಾರವನ್ನೂ ಕೊಡುತ್ತದೆ.

ಎಂಜಿನ್ ಇರುವ ವಿಮಾನಗಳಲ್ಲೂ ಬೆಂಗಳೂರು ಇದೇ ಹಾದಿ ಹಿಡಿಯಿತು. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ (ಎನ್‌ಎಎಲ್) ರೂಪಿಸಿದ, ಕಾಂಪೊಸಿಟ್ ಒಡಲಿನ, ಎರಡು ಆಸನಗಳ 'ಹಂಸ' ತರಬೇತಿ ವಿಮಾನ 1993ರ ನವೆಂಬರ್ 17ರಂದು ಮೊದಲ ಬಾರಿ ಹಾರಿತು. 'ಹಂಸ-3' ಮಾದರಿಗೆ 2000ರಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಪ್ರಮಾಣಪತ್ರ ದೊರೆಯಿತು. ಸುಧಾರಿತ 'ಹಂಸ-ಎನ್‌ಜಿ' 2021ರ ಸೆಪ್ಟೆಂಬರ್ 3ರಂದು ಹಾರಿತು.

ಮಿತಿ ಎಷ್ಟು?

ಹಲವು ಜರ್ಮನ್ ಮಾದರಿಗಳಲ್ಲಿ ಮೊದಲ ಮಿತಿ 3,000 ಗಂಟೆ. ಆ ಹೊತ್ತಿಗೆ ವಿಶೇಷ ತಪಾಸಣೆಯಲ್ಲಿ ತೇರ್ಗಡೆಯಾದರೆ 6,000 ಗಂಟೆಯವರೆಗೆ ಅನುಮತಿ. ನಂತರವೂ ಹಂತ ಹಂತವಾಗಿ ತಪಾಸಣೆ. ಕೊನೆಯ ಹಂತಗಳಲ್ಲಿ ಪ್ರತಿ 1,000 ಗಂಟೆಗೊಮ್ಮೆ. ಹೀಗೆ 12,000 ಗಂಟೆಯವರೆಗೆ ಆಯುಷ್ಯ ವಿಸ್ತರಿಸಬಹುದು. ಇದು ಮಾದರಿಯಿಂದ ಮಾದರಿಗೆ ಬದಲಾಗುವುದರಿಂದ ತಯಾರಕರ ನಿರ್ವಹಣಾ ಕೈಪಿಡಿಯೇ ಅಂತಿಮ.

ತಪಾಸಣೆಯಲ್ಲಿ ಏನೇನು?

ರೆಕ್ಕೆಯ ಬೆನ್ನೆಲುಬಾದ ತೊಲೆ, ಅಂಟು ಹಾಕಿದ ಬೆಸುಗೆಗಳು, ರೆಕ್ಕೆ ಒಡಲಿಗೆ ಸೇರುವ ಜಾಗದ ಲೋಹದ ಬೆಣೆಗಳು ಮೊದಲ ಗುರಿ. ನಾಣ್ಯದಿಂದ ಮೇಲ್ಮೈಯನ್ನು ಮೆಲ್ಲಗೆ ತಟ್ಟಿ ನೋಡುವುದು ಹಳೆಯ, ಆದರೆ ಉಪಯುಕ್ತ ವಿಧಾನ: ಪದರ ಬಿಟ್ಟಿದ್ದರೆ ದನಿ ಮಂಕಾಗುತ್ತದೆ. ರೆಕ್ಕೆಯನ್ನು ಅಲುಗಿಸಿ ಅದು ನಿಮಿಷಕ್ಕೆ ಎಷ್ಟು ಸಲ ತೊನೆಯುತ್ತದೆ ಎಂದು ಎಣಿಸಿ, ಹೊಸದಾಗಿದ್ದಾಗಿನ ಸಂಖ್ಯೆಯೊಂದಿಗೆ ಹೋಲಿಸುವುದೂ ಉಂಟು. ಸಂಖ್ಯೆ ಇಳಿದಿದ್ದರೆ ರೆಕ್ಕೆ ಬಿಗಿ ಕಳೆದುಕೊಂಡಿರಬಹುದೆಂದು ಅರ್ಥ.

ಮೇಲ್ಪದರದ ಸಣ್ಣ ಬಿರುಕೆಲ್ಲವೂ ಅಪಾಯವಲ್ಲ. ಬಿರುಕು ಕೆಳಗಿನ ನಾರಿಗೆ ಇಳಿದಿದೆಯೇ ಎಂಬುದೇ ಪ್ರಶ್ನೆ. ಬಿಸಿಲೂ ಶತ್ರು. ಸುಮಾರು 54 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹಲವು ಮಾದರಿಗಳ ರಾಳ ಬಲ ಕಳೆದುಕೊಳ್ಳತೊಡಗುತ್ತದೆ. ಗ್ಲೈಡರ್‌ಗಳು ಬೆಳ್ಳಗಿರುವುದು ಅದಕ್ಕಾಗಿಯೇ. ಕರಾವಳಿಯಂತಹ ತೇವದ ಹವೆಯಲ್ಲಿ ಲೋಹದ ಭಾಗಗಳ ತುಕ್ಕಿನ ಮೇಲೂ ಕಣ್ಣಿಡಬೇಕು.

ಕಡೆಗಣಿಸಿದರೆ?

2010ರ ಜೂನ್ 12ರಂದು ಆಸ್ಟ್ರಿಯಾದಲ್ಲಿ 'ಬ್ಲಾನಿಕ್ ಎಲ್-13' ಗ್ಲೈಡರ್‌ನ ರೆಕ್ಕೆ ಹಾರಾಟದಲ್ಲೇ ಮುರಿದು ಇಬ್ಬರು ಮೃತಪಟ್ಟರು. ತೊಲೆಯಲ್ಲಿ ದಣಿವಿನ ಬಿರುಕು ಕಂಡುಬಂದಿತ್ತು. ಅದು ಲೋಹದ ಗ್ಲೈಡರ್. ಆ ಮಾದರಿಯ ಹಾರಾಟವನ್ನೇ ಬಳಿಕ ಹಲವೆಡೆ ನಿಲ್ಲಿಸಲಾಯಿತು. ಕಾಂಪೊಸಿಟ್ ದಣಿವನ್ನು ಲೋಹಕ್ಕಿಂತ ಚೆನ್ನಾಗಿ ತಡೆದುಕೊಳ್ಳುತ್ತದಾದರೂ, ಅದರ ರೆಕ್ಕೆಯನ್ನು ಹಿಡಿದಿಡುವ ಬೆಣೆಗಳು ಲೋಹದವೇ ಎಂಬುದನ್ನು ಮರೆಯುವಂತಿಲ್ಲ.

ಹಳೆಯ ಗ್ಲೈಡರ್ ಕೊಳ್ಳುವವರು ಒಟ್ಟು ಗಂಟೆಗಳ ಜೊತೆಗೆ ಏರಿಳಿತಗಳ ಸಂಖ್ಯೆ, ಒರಟು ಇಳಿತ ಹಾಗೂ ದುರಸ್ತಿಯ ವಿವರಗಳನ್ನೂ ಕೇಳಬೇಕು. ವಿಂಚ್‌ನಿಂದ ಎಳೆದು ಹಾರಿಸುವ ತರಬೇತಿ ಗ್ಲೈಡರ್ ಕಡಿಮೆ ಗಂಟೆಗಳಲ್ಲೇ ಹೆಚ್ಚು ಪೆಟ್ಟು ತಿಂದಿರುತ್ತದೆ. ಹಾರಾಟದ ಪುಸ್ತಕದಲ್ಲಿ ಬರೆಯದೆ ಬಿಟ್ಟ ಗಂಟೆಗಳು ರೆಕ್ಕೆಯ ಆಯುಷ್ಯದಿಂದ ಮಾತ್ರ ಕಳೆದೇ ಹೋಗಿರುತ್ತವೆ.